ಬೇಗ ಬಂದ ಉತ್ತರ

ಅವನು ಮೊದಲ ಸಲ ಅವಳ ಬಾಗಿಲು ತಟ್ಟಿದ್ದು ಜಗಳಕ್ಕೆ. ಪ್ರೀತಿಗೆ ಇದು ಅಂಥ ಕೆಟ್ಟ ಆರಂಭವೇನಲ್ಲ. ಜಗಳವಾಡುವಾಗಲಾದರೂ ಜನ ಒಬ್ಬರ ಮುಖ ಒಬ್ಬರು ನೆಟ್ಟಗೆ ನೋಡುತ್ತಾರೆ.

"ನಿಮ್ಮ ಫ್ಯಾನುಗಳು ನನ್ನ ಭೂಗೋಳದ ಪಾಠದೊಳಗೆ ಬರ್ತಿವೆ," ಎಂದ.

ಆ ಮಹಡಿಯಲ್ಲಿ ಇದ್ದದ್ದು ಎರಡೇ ಬಾಗಿಲು. ಒಂದರ ಹಿಂದೆ ನೆಟ್‌ವರ್ಕ್ ಪ್ರಯೋಗಾಲಯ. ಇನ್ನೊಂದರ ಹಿಂದೆ, ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವ ಪುಟ್ಟ ಸ್ಟುಡಿಯೊ. ಅವನು ಅಲ್ಲಿನ ಓದುಗ. ಮಾತಾಡುವಾಗ ಪ್ರತಿ ಪದವನ್ನೂ ತೊಳೆದು ಒರೆಸಿ ಇಡುತ್ತಿದ್ದ. ಬೈಯಲು ಬಂದವನ ದನಿ ಇಷ್ಟು ಚೆಂದ ಇರಬಾರದಿತ್ತು ಎಂದುಕೊಂಡು ಅವಳು ಎದ್ದು ಮಷೀನುಗಳ ಕಪಾಟನ್ನು ಗೋಡೆಯಿಂದ ದೂರ ತಳ್ಳಿದಳು. ಅವನೂ ಕೈಜೋಡಿಸಿದ. ಆಮೇಲೆ ಗೋಡೆಗೆ ಕಿವಿ ಹಚ್ಚಿ ನಿಂತು, ಕಣ್ಣು ಮುಚ್ಚಿ, ಒಂದು ಹುಬ್ಬು ಮೇಲೇರಿಸಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದ. ಆ ಒಂದು ಹುಬ್ಬನ್ನು ಅವಳು ದಿನವಿಡೀ ಮರೆಯಲಿಲ್ಲ.

ಅವಳ ಬಗ್ಗೆಯೂ ಹೇಳಬೇಕು. ಆ ಪ್ರಯೋಗಾಲಯದಲ್ಲಿ ಕೆಲವರ ಕೆಲಸ ನೆಟ್‌ವರ್ಕನ್ನು ಕಾಯುವುದು, ಅವಳ ಕೆಲಸ ಅದಕ್ಕೆ ಕನ್ನ ಹಾಕುವುದು. ಬೀಗ ಎಷ್ಟು ಗಟ್ಟಿ ಎಂದು ತಿಳಿಯಲು ಯಾರಾದರೂ ಕಳ್ಳರಾಗಲೇಬೇಕಲ್ಲ. ಹಾಗಾಗಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕಳ್ಳಿ ಎಂದೇ. ಮುಖ್ಯಸ್ಥೆ ಮೇಡಂ ಕೂಡ ಮೀಟಿಂಗಿನಲ್ಲಿ ಅತಿಥಿಗಳ ಮುಂದೆ "ಇವಳು ನಮ್ಮ ಕಳ್ಳಿ" ಎಂದು ಹೆಮ್ಮೆಯಿಂದ ಪರಿಚಯಿಸುತ್ತಿದ್ದರು. ಅವಳಿಗೂ ಆ ಹೆಸರಿನ ಮೇಲೆ ಒಳಗೊಳಗೆ ಜಂಬವೇ ಇತ್ತು, ಆಗಿನ್ನೂ.

ಆ ಮಹಡಿಗೆ ಪ್ರಯೋಗಕ್ಕೆಂದು ಹೊಸ ಬಗೆಯ ನೆಟ್‌ವರ್ಕ್ ಹಾಕಿದ್ದರು, ಅದನ್ನು ಬಳಸುತ್ತಿದ್ದದ್ದು ಸ್ಟುಡಿಯೊದವರು ಮತ್ತು ಅವಳು ಮಾತ್ರ. ಮಾಮೂಲಿ ನೆಟ್‌ವರ್ಕಿನಲ್ಲಿ ನಮ್ಮ ಕಂಪ್ಯೂಟರ್ ಒಂದು ವಿಳಾಸ ಹುಡುಕಿಕೊಂಡು ಹೋಗುತ್ತದೆ. ಇದರಲ್ಲಿ ವಿಳಾಸದ ಗೊಡವೆಯೇ ಇಲ್ಲ. ಬೇಕಾದ ವಸ್ತುವಿನ ಹೆಸರು ಹೇಳಿದರೆ ಸಾಕು, ದಾರಿಯಲ್ಲಿ ಯಾರ ಬಳಿ ಇದೆಯೋ ಅವರು ಕೊಟ್ಟುಬಿಡುತ್ತಾರೆ. ಕಾರಿಡಾರಿನ ಗೋಡೆಯಲ್ಲಿದ್ದ ಬೂದು ಬಣ್ಣದ ಪೆಟ್ಟಿಗೆ, ತನ್ನ ಮೂಲಕ ಹಾದುಹೋದ ಎಲ್ಲದರದೂ ಒಂದು ನಕಲು ಇಟ್ಟುಕೊಳ್ಳುತ್ತಿತ್ತು. ಯಾರಾದರೂ ಅದನ್ನೇ ಮತ್ತೆ ಕೇಳಿದರೆ ದೂರ ಹೋಗದೆ ಥಟ್ಟನೆ ಎತ್ತಿ ಕೊಡುತ್ತಿತ್ತು. ಉಪಕಾರಿ ಪೆಟ್ಟಿಗೆ, ಆದರೆ ಅದರ ಬಾಯಲ್ಲಿ ಗುಟ್ಟು ನಿಲ್ಲುತ್ತಿರಲಿಲ್ಲ. ಉತ್ತರ ಥಟ್ಟನೆ ಬಂತೆಂದರೆ ಈ ಮಹಡಿಯಲ್ಲಿ ಯಾರೋ ಅದನ್ನು ಆಗಲೇ ಕೇಳಿದ್ದಾರೆ ಎಂದರ್ಥ. ತಡವಾಗಿ ಬಂದರೆ, ಯಾರೂ ಕೇಳಿಲ್ಲ.

ಈ ಸಂದಿಯಲ್ಲಿ ಇಣುಕಿ ಎಷ್ಟು ತಿಳಿಯಬಹುದು ಎಂದು ತೋರಿಸುವುದೇ ಅವಳ ಕೆಲಸ. ಅದಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ತಾವೇ ಪೆಟ್ಟಿಗೆಯಲ್ಲಿ ಹಾಕಿಟ್ಟ ಸುಳ್ಳು ವಸ್ತುಗಳ ಮೇಲೆ ಮಾತ್ರ ಪ್ರಯೋಗ ಮಾಡಬೇಕು, ಪಕ್ಕದ ಬಾಗಿಲಿನವರ ತಂಟೆಗೆ ಹೋಗಕೂಡದು. ಮೇಡಂ ಸ್ಟುಡಿಯೊದವರಿಗೆ ಮಾತು ಕೊಟ್ಟಿದ್ದರು.

ಕಳ್ಳಿ ಆ ಮಾತನ್ನು ಮುರಿದದ್ದು ಅವನ ಜೊತೆ ಏನು ಮಾತಾಡುವುದು ಎಂದು ತೋಚದೆ. ಇಷ್ಟು ಸಣ್ಣ ಕಾರಣಕ್ಕೆ ಎಂದು ಆಮೇಲೆ ನೆನೆದಾಗಲೆಲ್ಲ ಅವಳ ಕಿವಿ ಬಿಸಿಯಾಗುತ್ತಿತ್ತು. ದನಿಯ ಮನುಷ್ಯ, ಬಿಡುವಿನಲ್ಲಿ ಏನು ಕೇಳುತ್ತಾನೋ ಎಂದು ಕುತೂಹಲವಾಯಿತು. ಲೋಕದ ಸದ್ದುಗಳನ್ನೆಲ್ಲ ಕೂಡಿಟ್ಟ ಒಂದು ಸಾರ್ವಜನಿಕ ಸಂಗ್ರಹವಿತ್ತು. ಅದರ ಹೆಸರುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹೇಳುತ್ತ ಹೋದಳು. ಪೆಟ್ಟಿಗೆಯಿಂದಾಚೆ ಹೋಗಬೇಡ ಎಂಬ ಕಟ್ಟಳೆಯನ್ನೂ ಪ್ರಶ್ನೆಗೆ ಅಂಟಿಸಿದ್ದಳು. ಹಾಗೆ ಮಾಡಿದರೆ ಪೆಟ್ಟಿಗೆಗೆ ಹೊಸ ನಕಲು ಸೇರುವುದಿಲ್ಲ, ಇಣುಕಿದವರ ಹೆಜ್ಜೆಗುರುತು ಉಳಿಯುವುದಿಲ್ಲ. ಸಮುದ್ರಕ್ಕೆ ಪೆಟ್ಟಿಗೆ ಸುಮ್ಮನಿತ್ತು. ಹಕ್ಕಿಗಳಿಗೂ ಸುಮ್ಮನಿತ್ತು. ಹಳೆಯ ರೈಲುಗಳ ಶಿಳ್ಳೆ ಎಂದೊಡನೆ ಥಟ್ಟನೆ ಓಗೊಟ್ಟಿತು.

ಮರುದಿನ ಕಾಫಿ ಮಷೀನಿನ ಮುಂದೆ, ಏನೂ ಅರಿಯದವಳಂತೆ, ತಾನು ರೈಲು ಹಳಿಯ ಪಕ್ಕದ ಮನೆಯಲ್ಲಿ ಬೆಳೆದವಳು, ಶಿಳ್ಳೆ ಕೇಳದಿದ್ದರೆ ನಿದ್ದೆಯೇ ಬರುವುದಿಲ್ಲ ಎಂದು ಒಂದು ಕಥೆ ಹೊಸೆದಳು. ತುಟಿಗೆ ಹೋಗುತ್ತಿದ್ದ ಅವನ ಕಪ್ಪು ಅರ್ಧದಾರಿಯಲ್ಲೇ ನಿಂತಿತು.

"ನಿಜವಾಗ್ಲೂ?" ಎಂದ. ಅವನ ಕಣ್ಣು ಎಷ್ಟು ಅರಳಿತೆಂದರೆ, ಇಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಅಲ್ಲಿಂದ ಎಲ್ಲವೂ ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನಂತೆ ಓಡಿತು. ಸ್ಟುಡಿಯೊದ ಹೊರಕೋಣೆಯಲ್ಲಿ ಒಂದೇ ಹೆಡ್‌ಫೋನನ್ನು ಹಂಚಿಕೊಂಡು, ಭುಜಕ್ಕೆ ಭುಜ ತಾಗಿಯೂ ತಾಗದಂತೆ ಕೂತು, ಇಬ್ಬರೂ ಎಲ್ಲೆಲ್ಲಿನದೋ ರೈಲುಗಳ ಶಿಳ್ಳೆ ಕೇಳಿದರು. ಸ್ಟುಡಿಯೊದ ಹಿರಿಯ ಸೌಂಡ್ ಎಂಜಿನಿಯರ್, ಎಲ್ಲರೂ ಯಜಮಾನರು ಎನ್ನುತ್ತಿದ್ದ ಅವರು, ಟೇಪಿನ ಕಾಲದವರು. ಅವರಿಗೆ ಕಂಪ್ಯೂಟರೆಂದರೆ ಅಷ್ಟಕ್ಕಷ್ಟೇ. ಈ ಇಬ್ಬರನ್ನು ಕಂಡಾಗಲೆಲ್ಲ ಅವರಿಗೆ ಹೊರಗೆ ಏನೋ ತುರ್ತು ಕೆಲಸ ನೆನಪಾಗುತ್ತಿತ್ತು. "ನೀವು" ಯಾವಾಗ "ನೀನು" ಆಯಿತೋ ಇಬ್ಬರಿಗೂ ತಿಳಿಯಲಿಲ್ಲ. ಅವನು ನಗುವಾಗ ಮೊದಲು ಎಡಗೆನ್ನೆ ನಗುತ್ತಿತ್ತು, ಬಲಗೆನ್ನೆ ಸ್ವಲ್ಪ ಯೋಚಿಸಿ ಸೇರಿಕೊಳ್ಳುತ್ತಿತ್ತು. ಅವಳು ಆ ಬಲಗೆನ್ನೆಗಾಗಿ ಕಾಯುತ್ತಿದ್ದಳು.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ರುಚಿ ಹತ್ತಿದ ಕೈ ಸುಮ್ಮನಿರಲಿಲ್ಲ. ಅವನು ಬೆಳಿಗ್ಗೆ ಓದಿದ ಕಥೆಯ ಮಾತನ್ನು ಮಧ್ಯಾಹ್ನ ಅವಳೇ ಎತ್ತುತ್ತಿದ್ದಳು. ಅವನು ನೋಡಬೇಕೆಂದಿದ್ದ ಸಿನಿಮಾಕ್ಕೆ ಅವಳೇ ಕರೆಯುತ್ತಿದ್ದಳು.

"ನನ್ನ ಮನಸಲ್ಲಿರೋದು ನಿನ್ನ ಬಾಯಲ್ಲಿ ಬರುತ್ತಲ್ಲ, ಹೇಗೆ?" ಎಂದು ಅವನೊಮ್ಮೆ ಕೇಳಿದ. ಕೇಳಿದವನ ದನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ, ಬರೀ ಖುಷಿಯಿತ್ತು. ಅವಳು ನಕ್ಕು ಮಾತು ಬದಲಾಯಿಸಿದಳು.

ನಿನ್ನ ಕೆಲಸವಾದರೂ ಏನು ಎಂದು ಅವನೇ ಒಂದು ದಿನ ಕೇಳಿದಾಗ, ಅವನನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿ ಎಲ್ಲ ವಿವರಿಸಿದಳು. ಬೇಗ ಬಂದರೆ ಏನರ್ಥ, ತಡವಾದರೆ ಏನರ್ಥ, ಎಲ್ಲವನ್ನೂ. ತಾನು ಅದರಿಂದ ಏನು ಮಾಡುತ್ತಿದ್ದೇನೆ ಎಂಬುದೊಂದನ್ನು ಬಿಟ್ಟು.

ಅವಳು ವಾಸವಿದ್ದದ್ದು ಅಕ್ಕನ ಜೊತೆ. ಅಕ್ಕ ಹಲ್ಲಿನ ಡಾಕ್ಟರು, ಜನರ ಬಾಯಿ ತೆರೆಸುವುದೇ ವೃತ್ತಿ. ತಂಗಿಯ ಬಾಯಿ ತೆರೆಸುವುದು ಅವಳಿಗೆ ಯಾವ ಲೆಕ್ಕ? ಒಂದು ಭಾನುವಾರ ಬಟ್ಟೆ ಮಡಚುತ್ತ ಎಲ್ಲ ಕೇಳಿ ತಿಳಿದುಕೊಂಡಳು. ಕಳ್ಳಿ ಅದನ್ನು ತಮಾಷೆಯಂತೆ ಹೇಳಿದ್ದಳು. ಅಕ್ಕ ನಗಲಿಲ್ಲ.

"ಅವನು ಬಟ್ಟೆ ಬದಲಾಯಿಸುವಾಗ ಕಿಟಕಿಯಿಂದ ನೋಡಿದ್ರೆ ನಿನಗೆ ನಾಚಿಕೆ ಆಗ್ತಿತ್ತು ತಾನೇ? ಇದೂ ಅದೇ ಅಲ್ವೇನೇ?"

ಕಳ್ಳಿ ಸಿಡುಕಿದಳು. ಆದರೆ ಕೈಯಲ್ಲಿದ್ದ ದುಪ್ಪಟ್ಟಾವನ್ನು ಎಷ್ಟು ಸಲ ಮಡಚಿದರೂ ಅಂಚಿಗೆ ಅಂಚು ಕೂಡಲಿಲ್ಲ. ಇನ್ನು ಇಣುಕುವುದಿಲ್ಲ ಎಂದು ತನಗೆ ತಾನೇ ಆಣೆ ಮಾಡಿಕೊಂಡಳು. ಕೆಲವು ವಾರ ಅದರಂತೆ ನಡೆದಳು ಕೂಡ.

ಅಷ್ಟರಲ್ಲಿ ಅವನು ಮಾತು ಕಡಿಮೆ ಮಾಡಿದ. ಕಾಫಿ ಬಿಟ್ಟು ಬರೀ ಬಿಸಿನೀರು ಕುಡಿಯತೊಡಗಿದ. ಹೊರಕೋಣೆಯಲ್ಲಿ ಜೊತೆಗೆ ಕೂತರೂ ಕಣ್ಣು ಎಲ್ಲೋ ಇರುತ್ತಿತ್ತು. ಏನಾಯ್ತು ಎಂದರೆ, ಏನಿಲ್ಲ ಎನ್ನುತ್ತಿದ್ದ. ತಾನು ಸಿಕ್ಕಿಬಿದ್ದೆನೇ, ಅವನಿಗೆ ಬೇಸರ ಬಂತೇ, ಬೇರೆ ಯಾರಾದರೂ ಇದ್ದಾರೆಯೇ ಎಂದು ಅವಳ ತಲೆ ಕೆಟ್ಟಿತು. ಆಣೆ ಮುರಿಯಿತು. ಅವನ ಬಿಸಿನೀರು ನೆನಪಾಗಿ ವೈದ್ಯಕೀಯ ಗ್ರಂಥಾಲಯದ ಹೆಸರುಗಳನ್ನು ಪೆಟ್ಟಿಗೆಗೆ ಹೇಳಿದಳು. ಹೊಟ್ಟೆ, ಸುಮ್ಮನೆ. ಎದೆ, ಸುಮ್ಮನೆ. ಗಂಟಲಿನ ದನಿತಂತುವಿನ ಮೇಲಿನ ಗಂಟು, ಥಟ್ಟನೆ. ದನಿ ಕಳೆದುಕೊಂಡವರ ಅನುಭವಗಳು, ಥಟ್ಟನೆ.

ಅವಳು ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ದನಿಯೇ ಅನ್ನ, ದನಿಯೇ ಮಾನ ಆಗಿದ್ದ ಮನುಷ್ಯ. ಪಕ್ಕದ ಗೋಡೆಯಾಚೆ ಅವನು ಮಕ್ಕಳಿಗೆ ಯಾವುದೋ ಪದ್ಯದ ಅರ್ಥ ಓದುತ್ತಿದ್ದ, ನಡುನಡುವೆ ಕೆಮ್ಮಿ ನಿಲ್ಲಿಸುತ್ತಿದ್ದ. ಎದ್ದು ಹೋಗಿ ಅವನ ತಲೆಯನ್ನು ಎದೆಗೆ ಒತ್ತಿಕೊಳ್ಳಬೇಕೆನಿಸಿತು. ಹೋಗುವುದು ಹೇಗೆ? ಅವನು ಹೇಳಿಲ್ಲ. ಅವನು ಹೇಳದ ಹೊರತು ತನಗೆ ಗೊತ್ತಿರಲು ದಾರಿಯೇ ಇಲ್ಲ. ಕದ್ದ ಒಡವೆಯನ್ನು ಮೈಮೇಲೆ ಹಾಕಿಕೊಳ್ಳುವಂತಿಲ್ಲ ಎಂಬುದು ಕಳ್ಳರಿಗೆ ಮೊದಲು ಗೊತ್ತಾಗಬೇಕಾದ ವಿಷಯ, ಅವಳಿಗೆ ಕೊನೆಗೆ ಗೊತ್ತಾಯಿತು.

ಅವನು ಹೇಳಲಿ ಎಂದು ಕಾದಳು. ಅವನು ಹೇಳಲಿಲ್ಲ. ಕಾದು ಕಾದು ತಡೆಯಲಾರದೆ ಒಂದು ಮಧ್ಯಾಹ್ನ, ಅದೇ ಗ್ರಂಥಾಲಯದಲ್ಲಿದ್ದ ಆ ಶಸ್ತ್ರಚಿಕಿತ್ಸೆಯ ಬಗೆಗಿನ ಉಪನ್ಯಾಸವನ್ನು ತೆರೆದು ಮೊದಲಿನಿಂದ ಕೊನೆಯವರೆಗೆ ಕೇಳಿದಳು. ಕತ್ತಿ ಎಲ್ಲಿ ತಾಗುತ್ತದೆ, ದನಿ ಮರಳುತ್ತದೆಯೇ, ಮೊದಲಿನಂತೆಯೇ ಮರಳುತ್ತದೆಯೇ? ಕೆಲವು ಕಡೆ ನಿಲ್ಲಿಸಿ ಕಣ್ಣೊರೆಸಿಕೊಂಡಳು. ಇಣುಕುವಾಗ ಯಾವತ್ತೂ ಕಟ್ಟಳೆ ಅಂಟಿಸುತ್ತಿದ್ದವಳು ಅವತ್ತು ಮರೆತಳು. ಅವತ್ತು ಅವಳು ಇಣುಕುತ್ತಿರಲಿಲ್ಲ, ಹೆದರಿ ಓದುತ್ತಿದ್ದಳು. ಉಪನ್ಯಾಸ ದೂರದಿಂದ ನಿಧಾನವಾಗಿ ಬಂತು. ಬರುವ ದಾರಿಯಲ್ಲಿ ಪೆಟ್ಟಿಗೆ ಎಂದಿನಂತೆ ಒಂದು ನಕಲು ಇಟ್ಟುಕೊಂಡಿತು.

ಮರುದಿನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಅವನು ಅವಳ ಮೇಜಿನ ಬಳಿ ಬಂದ. ಕುರ್ಚಿ ಎಳೆದುಕೊಂಡು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ. ಅವನ ಮುಖ ನೋಡಿ, ಸಿಕ್ಕಿಬಿದ್ದೆ ಎಂದುಕೊಂಡಳು ಅವಳು.

"ನಿನಗೆ ಎಷ್ಟು ದಿನದಿಂದ ಹೀಗಾಗಿದೆ?" ಎಂದು ಮೆಲ್ಲಗೆ ಕೇಳಿದ.

ಅವಳಿಗೆ ಅರ್ಥವಾಗಲಿಲ್ಲ. ಅವನು ಒಡೆದ ದನಿಯಲ್ಲಿ ಬಿಡಿಸಿ ಹೇಳಿದ. ಬೆಳಿಗ್ಗೆ ಗಂಟಲಿನ ಆಪರೇಷನ್ನಿನ ಉಪನ್ಯಾಸವೊಂದನ್ನು ಮೊದಲ ಸಲ ತೆರೆದನಂತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂತಂತೆ. ಬೇಗ ಬಂದರೆ ಈ ಮಹಡಿಯಲ್ಲಿ ಯಾರೋ ಮೊದಲೇ ಕೇಳಿದ್ದಾರೆ ಎಂದು ಅವಳೇ ಕಲಿಸಿದ್ದಳಲ್ಲ. ಯಜಮಾನರನ್ನು ವಿಚಾರಿಸಿದ, ಅವರಲ್ಲ. ಪ್ರಯೋಗಾಲಯದ ಉಳಿದವರೆಲ್ಲ ಬೇರೆ ನೆಟ್‌ವರ್ಕು. ಉಳಿದವಳು ಅವಳೊಬ್ಬಳೇ.

"ಹೆದರ್ಬೇಡ," ಎಂದು ಅವಳ ಕೈ ಹಿಡಿದ. "ನನಗೂ ಅದೇ ಆಗಿದೆ. ಯಾರಿಗೂ ಹೇಳಿರ್ಲಿಲ್ಲ. ಕೆಲಸ ಹೋಗುತ್ತೆ ಅಂತ ಭಯ, ನಿನ್ನ ಮುಂದೆ ದನಿಯಿಲ್ಲದೆ ನಿಲ್ಲೋಕೆ ಇನ್ನೂ ಭಯ. ನನ್ನ ಡಾಕ್ಟರ್ ಒಳ್ಳೆಯವರು. ನಾಳೆ ಜೊತೆಗೆ ಹೋಗೋಣ, ಮೊದಲು ನಿನ್ನ ತೋರಿಸೋಣ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವಳಿಗೆ. ತಾನು ಕದ್ದದ್ದನ್ನು ಅವನು ಈಗ ತಾನಾಗಿಯೇ ಬಿಚ್ಚಿ ಅಂಗೈಯಲ್ಲಿಡುತ್ತಿದ್ದಾನೆ, ಅದೂ ಅವಳಿಗೆ ಧೈರ್ಯ ತುಂಬಲು. ಒಂದು ಸುಳ್ಳು ಸಾಕಿತ್ತು. ಅಕ್ಕನಿಗೆಂದು ನೋಡಿದೆ ಎಂದರೆ ಮುಗಿಯಿತು, ಅಕ್ಕನೂ ಡಾಕ್ಟರೇ, ಅವನು ನಂಬುತ್ತಿದ್ದ. ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತು. ಅವನ ಬೆಚ್ಚಗಿನ ಕೈಯೊಳಗೆ ತನ್ನ ಕೈ ಇಟ್ಟುಕೊಂಡು ಅದನ್ನು ಹೇಳಲಾಗಲಿಲ್ಲ. ಕೈ ಬಿಡಿಸಿಕೊಂಡಳು.

"ನನಗೇನೂ ಆಗಿಲ್ಲ," ಎಂದಳು. "ನಿನಗೆ ಆಗಿದೆ ಅಂತ ನನಗೆ ಮೊದಲೇ ಗೊತ್ತಿತ್ತು. ಪೆಟ್ಟಿಗೇಲಿ ಇಣುಕಿ ನೋಡಿದ್ದೆ."

ಆಮೇಲೆ ಒಂದೂ ಬಿಡದೆ ಹೇಳಿದಳು, ಕಥೆ, ಸಿನಿಮಾ, ಎಲ್ಲ. ತಲೆ ತಗ್ಗಿಸಿಯೇ ಹೇಳಿದಳು. ಕೊನೆಯಲ್ಲಿ ಅವನು ಒಂದೇ ಪ್ರಶ್ನೆ ಕೇಳಿದ.

"ಹಳಿ ಪಕ್ಕದ ಮನೆ?"

"ಇಲ್ಲ. ನಮ್ಮ ಮನೆ ಹತ್ರ ಬಸ್ಸೂ ಬರಲ್ಲ."

ಬೇರೆ ಹೊತ್ತಿನಲ್ಲಾದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಅವನು ಎದ್ದು, ಕುರ್ಚಿಯನ್ನು ಅದರ ಜಾಗದಲ್ಲೇ ಇಟ್ಟು, ಹೊರಗೆ ಹೋದ. ಬಾಗಿಲನ್ನೂ ಸದ್ದಾಗದಂತೆ ಹಾಕಿಕೊಂಡ. ದಡಾರನೆ ಹಾಕಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವತ್ತೇ ಅವಳು ಮೇಡಂ ಮುಂದೆ ನಿಂತು ತಪ್ಪೊಪ್ಪಿಕೊಂಡಳು. ಮೇಡಂ ಕೂಗಾಡುವ ಪೈಕಿಯಲ್ಲ. ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದರು, ಅವಳನ್ನು ಅದರಿಂದ ತೆಗೆದುಹಾಕಿದರು, ಕೊಟ್ಟ ಮಾತು ಮುರಿದದ್ದನ್ನು ಸ್ಟುಡಿಯೊಗೆ ಹೋಗಿ ನೀನೇ ಹೇಳಬೇಕು ಎಂದರು. ಹೋಗಿ ಹೇಳಿದಳು. ಅವನು ಕಿಟಕಿಯಾಚೆ ನೋಡುತ್ತಿದ್ದ. ಯಜಮಾನರು ಮಾತ್ರ ಎಲ್ಲ ಕೇಳಿಸಿಕೊಂಡು, ಅಷ್ಟೆಲ್ಲ ಯಂತ್ರ ಯಾಕಮ್ಮ, ಅವನನ್ನೇ ಕೇಳಿದ್ದರೆ ಹೇಳುತ್ತಿದ್ದನಲ್ಲ ಎಂದರು. ಅವರು ಕೊಂಕು ಆಡಿರಲಿಲ್ಲ, ನಿಜವಾಗಿಯೇ ಅರ್ಥವಾಗದೆ ಕೇಳಿದ್ದರು. ಅವಳ ಮುಖ ಸಣ್ಣಗಾಯಿತು. ಅಂದಿನಿಂದ ಯಾರಾದರೂ ಕಳ್ಳಿ ಎಂದು ಕೂಗಿದರೆ ಅವಳು ತಿರುಗಿ ನೋಡಲಿಲ್ಲ. ಕ್ರಮೇಣ ಕೂಗುವವರೂ ಬಿಟ್ಟರು.

ಕಾಯುವವರ ಗುಂಪಿಗೆ ಸೇರಿಸಿಕೊಳ್ಳಿ ಎಂದು ಅವಳೇ ಕೇಳಿಕೊಂಡಳು. ಪೆಟ್ಟಿಗೆಯ ಬಾಯಿಗೆ ಬೀಗ ಹಾಕುವ ಕೆಲಸ ಹಿಡಿದಳು. ಉಪಾಯ ಸರಳವಾಗಿತ್ತು. ಜನರು ಖಾಸಗಿಯಾಗಿ ಕೇಳುವ ಯಾವುದನ್ನೇ ಆಗಲಿ, ಪೆಟ್ಟಿಗೆ ತನ್ನ ಬಳಿ ಇದ್ದರೂ ಒಡನೆ ಕೊಡಬಾರದು. ದೂರದಿಂದ ತರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಕೊಡಬೇಕು. ಆಗ ಯಾರು ಏನು ಕೇಳಿದ್ದರೆಂದು ಯಾರಿಗೂ ತಿಳಿಯುವುದಿಲ್ಲ. ಗೊತ್ತಿದ್ದೂ ಕಾಯುವುದನ್ನು ಅವಳು ಯಂತ್ರಕ್ಕೆ ಕಲಿಸುತ್ತ ಕೂತಳು. ಕಲಿಸುವಾಗೆಲ್ಲ ತನ್ನದೇ ಕೆನ್ನೆಗೆ ಹೊಡೆದುಕೊಂಡಂತಾಗುತ್ತಿತ್ತು.

ಅವನು ಆಪರೇಷನ್ನಿಗೆ ಹೋದ ಎಂದು ಯಜಮಾನರಿಂದ ತಿಳಿಯಿತು. ಬಹಳ ದಿನ ಬಾಯಿ ತೆರೆಯುವಂತಿಲ್ಲವಂತೆ. ಹೇಗಿದ್ದಾನೆ, ದನಿ ಬಂತೇ, ಬರುವುದೇ? ತಿಳಿಯಲು ಕಳ್ಳದಾರಿಗಳು ಇನ್ನೂ ಇದ್ದವು, ಅವಳಷ್ಟು ಚೆನ್ನಾಗಿ ಯಾರಿಗೂ ಅವು ಗೊತ್ತಿರಲಿಲ್ಲ. ಅವಳು ಕೈಕಟ್ಟಿ ಕೂತಳು. ಗೊತ್ತಿಲ್ಲದಿರುವುದು ಇಷ್ಟು ನೋಯುತ್ತದೆಂದು ಮೊದಲು ತಿಳಿದಿರಲಿಲ್ಲ. ಅಕ್ಕ, ಹೋಗಿ ನೋಡಿಕೊಂಡು ಬಾರೇ ಎಂದರೆ, ಅವನು ಕರೆಯಲಿ ಎಂದಳು. ಕರೆಯದಿದ್ದರೆ ಎಂದರೆ, ಕರೆಯದಿದ್ದರೆ ಇಲ್ಲ ಎಂದು ಹೇಳಿ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಅವನನ್ನು ಅವಳು ಅಷ್ಟು ಪ್ರೀತಿಸುತ್ತಿದ್ದಳು.

ಬಿಸಿಲು ಕಾರಿಡಾರಿನ ಅರ್ಧಕ್ಕೆ ಬಂದಿದ್ದ ಒಂದು ಬೆಳಿಗ್ಗೆ, ಕಾಫಿ ಮಷೀನಿನ ಮುಂದೆ ಅವಳ ಹಿಂದೆ ಯಾರೋ ಬಂದು ನಿಂತರು.

"ನಿನ್ನ ಪೆಟ್ಟಿಗೆ ನಿಧಾನ ಆಗಿದೆ."

ದನಿ ಬೇರೆಯಾಗಿತ್ತು. ಇಸ್ತ್ರಿ ಹೋದ ಬಟ್ಟೆಯಂತೆ ಅಲ್ಲಲ್ಲಿ ಸುಕ್ಕಾಗಿತ್ತು. ಆದರೆ ಅವನದೇ. ತಿರುಗಿ ನೋಡುವ ಧೈರ್ಯವಾಗದೆ, ಅದು ಬೇಕೆಂದೇ ಕಾಯಿಸುತ್ತದೆ ಎಂದು ಮಷೀನಿಗೆ ಹೇಳಿದಳು. ತಾನು ದಿನಾ ಕೇಳುವ ಶಿಳ್ಳೆಗೂ ಈಗ ಹೊಸಬನಂತೆ ಕಾಯಬೇಕು ಎಂದು ಅವನು ದೂರಿದ. ಹೌದು, ಎಲ್ಲರೂ ಕಾಯಬೇಕು ಎಂದಳು ಅವಳು. ಮಷೀನು ಗೊರಗುಟ್ಟಿ ಕಾಫಿ ಸುರಿಯಿತು.

"ಬಾಯಿ ಮುಚ್ಚಿಕೊಂಡಿದ್ದಾಗ ತುಂಬಾ ಸಿಟ್ಟು ಮಾಡ್ಕೊಂಡೆ," ಎಂದ ಅವನು. "ಬೈಯೋಕೆ ಆಗ್ತಿರ್ಲಿಲ್ವಲ್ಲ, ಹಾಗಾಗಿ ಪೂರ್ತಿ ಯೋಚನೆ ಮಾಡ್ಬೇಕಾಯ್ತು. ಸುಳ್ಳು ಹೇಳಿ ತಪ್ಪಿಸ್ಕೋಬಹುದಿತ್ತು ನೀನು. ನಾನು ನಂಬ್ತಿದ್ದೆ."

ಅವಳು ಈಗ ತಿರುಗಿದಳು. ಅವನು ತೆಳ್ಳಗಾಗಿದ್ದ. ಕಣ್ಣಲ್ಲಿ ಇನ್ನೂ ಸ್ವಲ್ಪ ನೋವಿತ್ತು, ಅದನ್ನು ಅವನು ಮುಚ್ಚಿಡಲೂ ಇಲ್ಲ. ಒಂದು ಕಪ್ಪು ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು, ಈಗಷ್ಟೇ ಪರಿಚಯವಾದವರ ಮುಂದೆ ಹೇಳುವಂತೆ ಹೇಳಿದ.

"ನನಗೆ ರೈಲಿನ ಶಿಳ್ಳೆ ಅಂದ್ರೆ ತುಂಬಾ ಇಷ್ಟ."

ಅವಳ ಕಣ್ಣು ತುಂಬಿತು. ಗೊತ್ತು ಎನ್ನಲಿಲ್ಲ. ನನಗೂ ಎನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಇಷ್ಟು ತಿಂಗಳಲ್ಲಿ ಒಮ್ಮೆಯೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದಳು.

"ಯಾಕೆ?"

ಪೆಟ್ಟಿಗೆ ಅವನು ಏನು ಕೇಳಿದನೆಂದು ಹೇಳಿತ್ತು. ಯಾಕೆ ಎಂದು ಅದು ಯಾವತ್ತೂ ಹೇಳಿರಲಿಲ್ಲ. ಅವನು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದ. ಸಣ್ಣವನಿದ್ದಾಗ ಅವನಿಗೆ ಉಗ್ಗು. ತನ್ನ ಹೆಸರು ಹೇಳಲೂ ಆಗುತ್ತಿರಲಿಲ್ಲ. ಶಾಲೆಯಿಂದ ಬರುವಾಗ ಹಳಿಯ ಪಕ್ಕ ಕಾಯುತ್ತಿದ್ದನಂತೆ. ರೈಲು ಶಿಳ್ಳೆ ಹಾಕುತ್ತ ಹಾದುಹೋಗುವಾಗ ತನ್ನ ಹೆಸರನ್ನು, ತರಗತಿಯಲ್ಲಿ ತೊಡರಿದ ಪದಗಳನ್ನೆಲ್ಲ ಜೋರಾಗಿ ಕೂಗುತ್ತಿದ್ದನಂತೆ.

"ಒಂದೂ ತೊಡರ್ತಿರ್ಲಿಲ್ಲ. ಆ ಸದ್ದಲ್ಲಿ ಯಾರಿಗೂ ಕೇಳಿಸ್ತಿರ್ಲಿಲ್ವಲ್ಲ, ಅದಕ್ಕೇ ಸರಿಯಾಗಿ ಬರ್ತಿತ್ತು. ಹಾಗೇ ಮಾತು ಕಲಿತೆ."

ಯಾರೂ ಕೇಳದ ಒಂದಿಷ್ಟು ಜಾಗದಲ್ಲಿ ಬೆಳೆದ ದನಿ ಅದು. ಆ ಜಾಗಕ್ಕೇ ತಾನು ಕಿವಿಯಿಟ್ಟಿದ್ದೆ. ನಾಚಿಕೆ ಮತ್ತೆ ಮೈಯೆಲ್ಲ ಹತ್ತಿತು. ಕ್ಷಮಿಸು ಎಂದು ಕಷ್ಟಪಟ್ಟು ಹೇಳಿದಳು. ಅವನು ಕ್ಷಮಿಸಿದೆ ಎನ್ನಲಿಲ್ಲ.

"ಈಗ ನಿನ್ನದು ಹೇಳು," ಎಂದ. "ನಿಜವಾಗಿ ನಿನಗೇನು ಇಷ್ಟ? ನನಗೆ ಒಂದೂ ಗೊತ್ತಿಲ್ಲ."

ಅವನ ಮಾತು ನಿಜವಾಗಿತ್ತು. ಅವನದೆಲ್ಲವನ್ನೂ ತಿಳಿದವಳು ತನ್ನದೊಂದನ್ನೂ ಕೊಟ್ಟಿರಲಿಲ್ಲ.

"ಗೋಡೆಯಾಚೆ ನೀನು ಮಕ್ಕಳಿಗೆ ಪಾಠ ಓದೋದು," ಎಂದಳು. "ಭೂಗೋಳ ಆದ್ರೂ ಸರಿ. ನೀನು ಜಗಳಕ್ಕೆ ಬಂದ ದಿನದಿಂದ. ಅದೂ ಕದ್ದು ಕೇಳಿದ್ದೇ ಆಯ್ತು."

ಅವನ ಎಡಗೆನ್ನೆ ನಕ್ಕಿತು. ಅವಳು ಉಸಿರು ಹಿಡಿದಳು. ಬಲಗೆನ್ನೆ ಎಂದಿಗಿಂತ ತುಸು ಹೆಚ್ಚೇ ಕಾಯಿಸಿ, ಆಮೇಲೆ ಸೇರಿಕೊಂಡಿತು.

ಇವತ್ತು ಮತ್ತೆ ಓದಲು ಶುರುಮಾಡುತ್ತಿದ್ದೇನೆ, ದನಿ ನಡುವೆ ಒಡೆಯಬಹುದು, ಯಜಮಾನರಿಗೂ ಹೊರಗಿರಿ ಎಂದಿದ್ದೇನೆ, ಯಾರ ಮುಂದೆಯೂ ಓದುವ ಧೈರ್ಯವಿಲ್ಲ ಎಂದು ಅವನು ಹೇಳಿದ. ಹಾಗಾದರೆ ಮಷೀನುಗಳ ಫ್ಯಾನು ಆರಿಸಿ ತಾನೂ ಕೆಳಗೆ ಹೋಗಿರುತ್ತೇನೆ, ಗೋಡೆಯ ಹತ್ತಿರವೂ ಇರುವುದಿಲ್ಲ ಎಂದು ಅವಳು ಹೊರಟಳು. ಹೊರಟವಳ ಬೆರಳನ್ನು ಅವನು ಹಿಡಿದುಕೊಂಡ.

"ನೀನು ಒಳಗೆ ಬಾ," ಎಂದ. "ಎದುರಿಗೇ ಕೂತು ಕೇಳು."